ಹುಳದ ತಟ್ಟೆಗೆ ಹಾಸಿದ ಕಾಗದ

ಕೊಳ್ಳೇಗಾಲ, ಬುಧವಾರ

ಪದ್ಮಿನಿ ಅತ್ತೆಗೆ,

ನಮ್ಮ ಮಗ್ಗದ ಕೋಣೆಯಲ್ಲಿ ನೀವು ಬಿಟ್ಟುಹೋದ ಮುನ್ನೂರು ಇಂಗ್ಲಿಷ್ ಕೌದಿ ಪತ್ರಿಕೆಗಳನ್ನು ತೆರವು ಮಾಡಿದೆ. ಒಳ್ಳೆಯ ಬಟ್ಟೆಯನ್ನು ಚೂರು ಮಾಡಿ ಮತ್ತೆ ಹೊಲಿಯುವ, ಹೊತ್ತು ಹೋಗದವರ ಚಿತ್ರಗಳು ಸೀರೆ ನೇಯುವ ಮನೆಗೆ ಬೇಕಿಲ್ಲ. ಮಧುವನಹಳ್ಳಿಯ ದೊಡ್ಡಬಸಮ್ಮನಿಗೆ ರೇಷ್ಮೆಹುಳದ ತಟ್ಟೆಗೆ ಹಾಸಲು ಕೊಟ್ಟೆ. ಆ ಜಾಗದಲ್ಲಿ ಕೂಲಿ ಹೋರಾಟದ ನನ್ನ ಕರಪತ್ರಗಳನ್ನು ಜೋಡಿಸಿ ವಾಚನಾಲಯ ತೆರೆದೆ.

ತಿಂಗಳಾದರೂ ಓದಲು ಒಬ್ಬರೂ ಬಂದಿಲ್ಲ. ದೊಡ್ಡಬಸಮ್ಮನ ಜಗಲಿಯಲ್ಲಿ ಮಾತ್ರ ಹನ್ನೊಂದು ಹೆಂಗಸರು ನಿಮ್ಮ ಪತ್ರಿಕೆ ಹರಡಿಕೊಂಡು ಹಳೇ ಸೀರೆ ಕತ್ತರಿಸುತ್ತಿದ್ದಾರೆ. ಕೂಲಿ ಹೆಚ್ಚಿಸಿ ಎಂದು ಕೇಳಲು ಒಟ್ಟಾಗದವರು ಬಟ್ಟೆಯ ಚೌಕ ಹೊಂದಿಸಲು ಒಟ್ಟಾಗಿದ್ದಾರೆ. ಬೈದೆ. ದೊಡ್ಡಬಸಮ್ಮ ತಲೆ ಎತ್ತದೆ ಹೇಳಿದಳು: "ಇಷ್ಟ್ ಚೆಂದಾಗಿರೋದ್ನ ಉಳಕ್ಕೆ ಆಸಕ್ಕೆ ಮನ್ಸ್ ಬರ್ನಿಲ್ಲ ಕಣ್ಲಾ. ಇಂಗ್ಲೀಸು ನಮಗ್ ಬರಕಿಲ್ಲ, ನಿಮ್ಮತ್ತೆ ಬಂದು ಏಳ್ಕೊಡ್ಲಿ. ನಿನ್ ಕಾಗ್ದದಲ್ಲಿ ಬರೀ ಬೈಗ್ಳ."

ಭಾನುವಾರ ಯಳಂದೂರಿನಿಂದ ಮೊದಲ ಬಸ್ಸಿಗೆ ಬನ್ನಿ. ಒಳ್ಳೆಯ ಕತ್ತರಿ ತನ್ನಿ, ಅವರದು ಮೊಂಡಾಗಿದೆ. ನಿಮ್ಮ ಪತ್ರಿಕೆ ಒಂದೂ ಹಾಳಾಗಿಲ್ಲ. ಹಾಗಾದರೆ ಹುಳದ ತಟ್ಟೆಗೆ ಏನು ಹಾಸಿದ್ದಾರೆಂದು ಅಲ್ಲಿ ಎಲ್ಲರೆದುರು ಕೇಳಬೇಡಿ. ನನ್ನ ಕರಪತ್ರಗಳನ್ನು ನಾನೇ ಹೊತ್ತುಕೊಂಡು ಹೋಗಿ ಕೊಟ್ಟೆ.

ಇಂತಿ,
ನಿಮ್ಮ ಅಣ್ಣನ ಮಗ
ಚೌಡೇಶ