ನೂರ ಹದಿನೆಂಟನೆಯ ವಾಕ್ಯ

ಮಂಗಳವಾರ, ಹದಿನಾಲ್ಕನೆಯ ತಾರೀಖು
ಮಧ್ಯಾಹ್ನ ಮೂರು ಗಂಟೆ

ಪ್ರೊಫೆಸರಮ್ಮನವರಿಗೆ,

ಮೂರು ವರ್ಷ ಪ್ರತಿ ಮಂಗಳವಾರ ಮೂರು ಗಂಟೆಗೆ ನಮ್ಮ ಬಾಗಿಲು ತಟ್ಟುತ್ತಿದ್ದವರಿಗೆ ಅದೇ ವಾರ, ಅದೇ ಹೊತ್ತಿಗೆ ಬರೆಯಲು ಕೂತಿದ್ದೇನೆ. ಕ್ಷೇಮವೇ ಎಂದು ಕೇಳುವುದು ಪದ್ಧತಿ. ಕೇಳಿದ್ದೇನೆ ಎಂದು ತಿಳಿಯಿರಿ. ನಾನು ಎಂಥವನು ಎಂಬುದು ನಿಮ್ಮ ಪುಸ್ತಕದಲ್ಲಿ ಅಚ್ಚಾಗಿಯೇ ಇದೆಯಲ್ಲ, ಆ ಬಗ್ಗೆ ನಾನು ಬೇರೆ ಹೇಳುವುದೇನು?

ಪುಸ್ತಕ ಕೈಸೇರಿ ಐದು ತಿಂಗಳಾಯಿತು. ಕಳೆದ ವಾರ ನಿಮ್ಮ ಕಾಗದವೂ ಜೊತೆಗೊಂದು ಫಾರಮ್ಮೂ ಬಂದವು. ಎರಡನೆಯ ಮುದ್ರಣ ಆಗುತ್ತಿದೆ, ತಪ್ಪು ಕಂಡರೆ ಎಡಗಡೆ ವಾಕ್ಯದ ನಂಬರು, ಬಲಗಡೆ ಸರಿಯಾದದ್ದು ಬರೆದು ಕಳಿಸಿ ಎಂದಿದ್ದೀರಿ. ತೀರಿಹೋದ ನನ್ನ ಹೆಂಡತಿಯ ತವರಿನ ಭಾಷೆ ಆಡುವವರು ಇನ್ನು ಹನ್ನೊಂದೇ ಜನ, ಅವರೂ ಹೋದ ಮೇಲೆ ಈ ಪುಸ್ತಕದಲ್ಲಿ ಇದ್ದದ್ದೇ ಇದ್ದದ್ದು ಎಂದೂ ಬರೆದಿದ್ದೀರಿ. ಅದನ್ನು ಓದಿಯೇ ಬರೆಯಲು ಕೂತದ್ದು. ಇಲ್ಲದಿದ್ದರೆ ಸುಮ್ಮನಿರುತ್ತಿದ್ದೆ. ಸುಮ್ಮನಿರುವುದು ನನಗೆ ಚೆನ್ನಾಗಿ ಬರುತ್ತದೆ, ಅದೂ ನಿಮ್ಮ ಪುಸ್ತಕದಲ್ಲಿದೆ.

ಅವಳು ನಿಮಗೆ ವಾಕ್ಯ ಹೇಳಿಕೊಡುತ್ತಾಳೆ ಎಂಬುದು ನನಗೆ ಗೊತ್ತಿತ್ತು. ಕಿಟಕಿಯ ಕೆಳಗೆ ಹೊಲಿಗೆ ಮಷೀನು, ಅದರ ಪಕ್ಕ ನಿಮ್ಮ ರೆಕಾರ್ಡರು. ವ್ಯಾಕರಣಕ್ಕೆ ಎಂಥ ವಾಕ್ಯ ಬೇಕಾಗುತ್ತದೆ ಎಂದುಕೊಂಡಿದ್ದೆ ನಾನು? ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಎರಡು ವರ್ಷ ಒಂದೇ ವಾಕ್ಯ ಅರೆದು ಕುಡಿಸಿದರು: ದಿ ಕ್ಯಾಟ್ ಕಿಲ್ಡ್ ದಿ ರ್‍ಯಾಟ್. ಆ ಬೆಕ್ಕು ಯಾರ ಮನೆಯದೂ ಅಲ್ಲ, ಇಲಿಗೂ ಹಿಂದುಮುಂದು ಇಲ್ಲ. ಇವಳೂ ನಿಮಗೆ ಬೆಕ್ಕು, ಇಲಿ ಕೊಡುತ್ತಿದ್ದಾಳೆ ಎಂದುಕೊಂಡು ನಾನು ಪೇಪರು ಓದುತ್ತಾ ಕೂತಿದ್ದರೆ, ಅವಳು ನನ್ನನ್ನೇ ಕೊಟ್ಟುಬಿಟ್ಟಿದ್ದಾಳೆ.

ನಿಮ್ಮ ಇಂಗ್ಲಿಷು ನನಗೆ ಪೂರಾ ದಕ್ಕುವುದಿಲ್ಲ. ಡಿಗ್ರಿಯಲ್ಲಿ ಮೂವತ್ತೇಳು ಅಂಕ ತೆಗೆದ ಇಂಗ್ಲಿಷು ನನ್ನದು, ಅದರಲ್ಲೂ ಎರಡು ಮೇಷ್ಟ್ರ ಕೃಪೆ. ಹ್ಯಾವ್ ಎಲ್ಲಿ, ಹ್ಯಾಡ್ ಎಲ್ಲಿ ಎಂದು ಇವತ್ತಿಗೂ ಬೆವರುತ್ತೇನೆ. ಆದರೂ ಡಿಕ್ಷನರಿ ಇಟ್ಟುಕೊಂಡು ಓದಿದೆ. ಒಂದೊಂದು ವಾಕ್ಯಕ್ಕೂ ಮೂರು ಸಾಲು. ಮೇಲಿನದು ಅವಳು ಆಡಿದ್ದು. ನಡುವಿನದು ಒಂದೊಂದೇ ಶಬ್ದ ಬಿಡಿಸಿ ಒಣಗಹಾಕಿದ್ದು. ಕೆಳಗಿನದು ಇಂಗ್ಲಿಷು. ಅವಳ ಭಾಷೆಯ ಒಂದಕ್ಷರವೂ ನನಗೆ ಬಾರದು, ಹಾಗಾಗಿ ಕೆಳಗಿನಿಂದ ಮೇಲಕ್ಕೆ ಓದಿದೆ.

ನಲವತ್ತೊಂದು: 'ನನ್ನ ಗಂಡ ನಿನ್ನೆಯಿಂದ ಮಾತಾಡಿಲ್ಲ.' ಕಾಲಾವಧಿಗೆ ಉದಾಹರಣೆಯಂತೆ. ತೊಂಬತ್ತೇಳು: 'ನನ್ನ ಗಂಡ ತಟ್ಟೆ ಎಸೆದ, ನಾನು ಚೂರು ಹೆಕ್ಕಿದೆ.' ಎರಡು ಕ್ರಿಯೆ ಒಂದರ ಹಿಂದೊಂದು ಬಂದಾಗ ಹೇಗೆ ಹೇಳುವುದು ಎಂಬುದಕ್ಕೆ. ನೂರ ಐವತ್ತಮೂರು, ಹೋಲಿಕೆ: 'ನನ್ನ ಗಂಡನಿಗಿಂತ ಮಷೀನು ಹೆಚ್ಚು ಮಾತಾಡುತ್ತದೆ.' ಇದನ್ನು ಓದಿ ನನಗೂ ಒಂದು ಕ್ಷಣ ನಗು ಬಂತು. ಆಮೇಲೆ ನಿಮ್ಮ ವಿದ್ಯಾರ್ಥಿಗಳೆಲ್ಲ ನಕ್ಕಿರುತ್ತಾರೆ ಎಂದು ಹೊಳೆಯಿತು. ಇನ್ನೂರ ಹನ್ನೆರಡು, ನಿಷೇಧ: 'ಈ ಮನೆಯಲ್ಲಿ ನಮ್ಮ ಮಾತು ಆಡಕೂಡದು.' ಇನ್ನೂರ ಅರವತ್ತಾರು: 'ಇನ್ನು ಬರಬೇಡ ಎಂದು ನನ್ನ ಗಂಡ ನನ್ನ ಬಾಯಿಂದಲೇ ನನ್ನ ತಂಗಿಗೆ ಹೇಳಿಸಿದ.' ಇನ್ನೂ ಎರಡಿವೆ, ಅವನ್ನು ಕೈಯಾರೆ ಬರೆಯಲಾರೆ. ಒಟ್ಟು ಏಳು. ನಿಮಗೊಂದು ಮಾತು ಕೇಳಲೇ? ಹೋಲಿಕೆಗೆ ಉದಾಹರಣೆ ಬೇಕಿದ್ದರೆ ಬೆಟ್ಟ ದೊಡ್ಡದು, ಗುಡ್ಡ ಚಿಕ್ಕದು ಎನ್ನಿಸಬಹುದಿತ್ತಲ್ಲ? ನಮ್ಮ ಮನೆಯ ಹೊಲಸು ಬಟ್ಟೆಯನ್ನೇ ಹಗ್ಗಕ್ಕೆ ಹಾಕಬೇಕಿತ್ತೇ?

ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದವನು. ಅಂಗಡಿಗೆ ನುಗ್ಗಿ ತಕ್ಕಡಿ ಎತ್ತಿ, ತಟ್ಟೆಯ ತಳ ಸವರಿ, ತೂಕದ ಮೋಸಕ್ಕೆ ಅಂಟಿಸಿದ ಸೀಸ ಕಿತ್ತು ತೆಗೆದವನು. ಆಮೇಲೆ ಆಫೀಸಿಗೆ ಬಂದು ವರದಿಯಲ್ಲಿ 'ಪರಿಶೀಲಿಸಲಾಯಿತು', 'ದೋಷ ಕಂಡುಬಂದಿತು' ಎಂದು ಬರೆದವನು. ಯಾರು ಪರಿಶೀಲಿಸಿದರು, ಯಾರಿಗೆ ಕಂಡುಬಂತು ಎಂದು ಯಾರೂ ಕೇಳುವುದಿಲ್ಲ. ಮೇಷ್ಟ್ರು ಹೇಳುತ್ತಿದ್ದರು, 'ಇಂಗ್ಲಿಷ್ ವಾಕ್ಯದಲ್ಲಿ ಮಾಡಿದವನು ಮೊದಲೇ ಬಂದು ನಿಲ್ಲಬೇಕು ಕಣ್ರೋ, ಕಟಕಟೆಯಲ್ಲಿ ನಿಂತ ಹಾಗೆ. ತಪ್ಪಿಸಿಕೊಳ್ಳಬೇಕು ಅಂದ್ರೆ ಪ್ಯಾಸಿವ್ ವಾಯ್ಸ್ ಇದೆ, ಓಡಿ!' ನಮ್ಮ ಭಾಷೆ ಅದಕ್ಕಿಂತ ಧಾರಾಳಿ. ಮಾಡಿದವನು ಬಂದರೂ ಸರಿ, ಬರದಿದ್ದರೂ ಸರಿ. 'ತಟ್ಟೆ ಬಿತ್ತು' ಎಂದರೆ ಮುಗಿಯಿತು. ನಿಮ್ಮ ನಾಲ್ಕನೆಯ ಅಧ್ಯಾಯ ಓದಿದ ಮೇಲೆ ತಿಳಿಯಿತು, ಅವಳ ಭಾಷೆಯಲ್ಲಿ ಆದದ್ದು ಮೊದಲು ಬರುತ್ತದೆ, ಮಾಡಿದವನು ಕಟ್ಟಕಡೆಗೆ. 'ಎಸೆದ ತಟ್ಟೆ ನನ್ನ ಗಂಡ.' ಆದ ಅನಾಹುತವನ್ನೆಲ್ಲ ಹೇಳಿ ಮುಗಿಸಿ, ಆಮೇಲೆ ನಿಧಾನವಾಗಿ ತಿರುಗಿ ಬೆರಳು ತೋರಿಸಿದ ಹಾಗೆ. ಇಪ್ಪತ್ತೊಂಬತ್ತು ವರ್ಷ ಅಂಥ ಭಾಷೆಯನ್ನು ತಲೆಯೊಳಗಿಟ್ಟುಕೊಂಡು ನನ್ನ ಜೊತೆ ನನ್ನ ಭಾಷೆಯಲ್ಲಿ 'ಹೂಂ, ಆಯ್ತು ಕಣ್ರೀ' ಎನ್ನುತ್ತಿದ್ದಳಲ್ಲ!

ಇನ್ನೂರ ಹನ್ನೆರಡರ ಬಗ್ಗೆ ನನ್ನ ಕಡೆಯ ಮಾತೂ ಕೇಳಿ. ನಿಯಮ ಮಾಡಿದ್ದು ನಿಜ. ಅತ್ತೆಗೆ ನಡೆಯಲು ಕಷ್ಟವಾದ ಮೇಲೆ ನಮ್ಮಲ್ಲಿಗೇ ಕರೆತಂದೆವು, ಎಂಟು ತಿಂಗಳು ಇದ್ದರು. ಅವರಿಗೆ ತಮ್ಮ ಭಾಷೆ ಬಿಟ್ಟು ಬೇರೆ ಬಾರದು. ತಾಯಿಮಗಳು ಅಡುಗೆಮನೆಯಲ್ಲಿ ಏನೋ ಆಡಿಕೊಂಡು ಬಿದ್ದು ಬಿದ್ದು ನಗುವುದು, ನಾನು ಹೋದರೆ ಗಪ್‌ಚಿಪ್. ಏನು ವಿಷಯ ಎಂದರೆ 'ಏನಿಲ್ಲಪ್ಪ, ಬದನೆಕಾಯಿ ಹುಳುಕು ಅಂತಿದ್ವಿ' ಎನ್ನುವಳು. ಹುಳುಕು ಬದನೆಕಾಯಿಗೆ ಯಾರು ಅಷ್ಟು ನಗುತ್ತಾರೆ, ನೀವೇ ಹೇಳಿ. ನನ್ನನ್ನೇ ಆಡಿಕೊಳ್ತೀರಿ ಎಂದೆ. 'ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡ್ರಂತೆ' ಎಂದಳು. ಅವತ್ತೇ ಹೇಳಿದೆ: ಈ ಮನೆಯಲ್ಲಿ ಎಲ್ಲರಿಗೂ ತಿಳಿಯೋ ಭಾಷೆ ಒಂದೇ, ಅದನ್ನೇ ಆಡಿ. ಎಲ್ಲರಿಗೂ ಎಂದೆ. ಅತ್ತೆಯನ್ನು ಆ ಎಲ್ಲರಲ್ಲಿ ಸೇರಿಸಿರಲಿಲ್ಲ ಎಂದು ಈಗ ತೋರುತ್ತದೆ. ಆಮೇಲೆ ಮನೆ ತಣ್ಣಗಾಯಿತು. ಅತ್ತೆ ಗೋಡೆಗೆ ಒರಗಿ ಕೂರುತ್ತಿದ್ದರು, ಸಂಜೆಯ ತನಕ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಮಗಳಿಗೆ ಆಗ ಹನ್ನೊಂದು ವರ್ಷ. ಅಜ್ಜಿಯ ಭಾಷೆ ಅವಳ ನಾಲಿಗೆಗೆ ಹತ್ತದ ಹಾಗೆ ನೋಡಿಕೊಂಡವನೂ ನಾನೇ.

ಈಗ ನೂರ ಹದಿನೆಂಟಕ್ಕೆ ಬರುತ್ತೇನೆ. 'ನನ್ನ ಗಂಡ ನನ್ನ ತಾಯಿಗೆ ನೀರು ಕೊಟ್ಟ.' ಆರುನೂರು ವಾಕ್ಯಗಳಲ್ಲಿ ನನ್ನ ಮರ್ಯಾದೆ ಉಳಿಸಿದ್ದು ಇದೊಂದೇ. ಅಲ್ಲಿಂದ ನೂರ ಇಪ್ಪತ್ತೆರಡರವರೆಗೆ ಅದನ್ನೇ ತಿರುಗಿಸಿ ತಿರುಗಿಸಿ ಹೇಳಿದ್ದಾಳೆ: ಕೊಡುತ್ತಿದ್ದಾನೆ, ಕೊಡುವನು, ಕೊಟ್ಟಿದ್ದ, ಕೊಡದೆ ಹೋಗಿದ್ದರೆ. ಅಡಿಯಲ್ಲಿ ಚಿಕ್ಕ ಅಕ್ಷರದಲ್ಲಿ ನೀವು, 'ಇಲ್ಲಿ ಮಷೀನಿನ ಸದ್ದು ನಿಂತಿದೆ' ಎಂದು ಬರೆದಿದ್ದೀರಿ. ನೋಡಿ, ಕೆಲಸ ನಿಲ್ಲಿಸಿ ಹೇಳಿದ್ದಾಳೆ. ಗೌರವದಿಂದ. ಸಂಗತಿ ಹೀಗೆ: ಅವತ್ತು ಬೆಳಿಗ್ಗೆ ಇವಳು ಗಿರಾಕಿಗೆ ಬಟ್ಟೆ ಕೊಡಲು ಹೋಗಿದ್ದಳು, ಮಗಳು ಶಾಲೆಯಲ್ಲಿ. ಅತ್ತೆ ನೀರು ಕೇಳಿದರು. ನಾನು ಕೊಟ್ಟೆ. ಆಫೀಸಿಗೆ ಹೋದೆ. ನಾನು ಹೋದ ಮೇಲೆ ಏನಕ್ಕೋ ಎದ್ದು, ಬಿದ್ದರಂತೆ. ಸೊಂಟದ ಮೂಳೆ ಮುರಿಯಿತು. ಇಪ್ಪತ್ತೆರಡು ದಿನ ಹಾಸಿಗೆಯಲ್ಲಿದ್ದು ಹೋದರು. ಅಷ್ಟೇ.

ಆ ವಾಕ್ಯವನ್ನೇ ನೀವು ಮೊದಲನೆಯ ಪಾಠ ಮಾಡಿದ್ದೀರಂತೆ. ಕೊಡುವವನು, ಕೊಟ್ಟದ್ದು, ಪಡೆದವಳು, ಮೂರೂ ಅದರಲ್ಲಿವೆ ಎಂದು. ಇದು ನನಗೆ ಗೊತ್ತಾದದ್ದು ನನ್ನ ಮಗಳಿಂದ. ನಿಮ್ಮ ಗುರುವಾರದ ತರಗತಿಗೆ ಸೇರಿಕೊಂಡಿದ್ದಾಳಲ್ಲ. ಅಜ್ಜಿ ಹೋದಾಗಿನಿಂದ ನನಗೂ ಅವಳಿಗೂ ಅಷ್ಟಕ್ಕಷ್ಟೆ. 'ಅಜ್ಜಿ ಯಾಕೆ ಎದ್ದಳು?' ಎಂದು ಹನ್ನೊಂದು ವರ್ಷದ ಹುಡುಗಿ ತಿಂಗಳುಗಟ್ಟಲೆ ಕೇಳಿದಳು, ಆಮೇಲೆ ಕೇಳುವುದನ್ನು ಬಿಟ್ಟಳು. ತಾಯಿಯನ್ನು ಮಣ್ಣು ಮಾಡಿದ ದಿನವೂ ಸಂಜೆಯ ಬಸ್ಸಿಗೇ ಹೊರಟವಳು ಅವಳು. ಫೋನು ಮಾಡಿದರೆ ಮಾತ್ರೆ ತಗೊಂಡ್ಯಾ, ತಗೊಂಡೆ, ಸರಿ. ಅಂಥವಳು ಹೋದ ತಿಂಗಳು ಫೋನಿನಲ್ಲಿ ಏನೋ ಅಂದಳು. ಅವಳಮ್ಮನ ಭಾಷೆ. ಒಂದು ಕ್ಷಣ ಅವಳಮ್ಮನೇ ಅಂದ ಹಾಗಾಯಿತು. 'ಅರ್ಥ ಆಯ್ತಾಪ್ಪಾ?' ಎಂದಳು. ಇಲ್ಲಮ್ಮ ಎಂದೆ. 'ನೀನು ಅಜ್ಜಿಗೆ ನೀರು ಕೊಟ್ಟಿದ್ದು! ನನಗೆ ಯಾರೂ ಹೇಳ್ಲೇ ಇಲ್ಲ ನೋಡು. ನಾನು ನಿನ್ನ ಬಗ್ಗೆ ಏನೇನೋ ಅಂದ್ಕೊಂಡಿದ್ದೆ ಕಣಪ್ಪಾ' ಎಂದು ಅತ್ತಳು. ಮುಂದಿನ ತಿಂಗಳು ಬಂದು ನಾಲ್ಕು ದಿನ ಇರುತ್ತೇನೆ ಎಂದಿದ್ದಾಳೆ. ನಾಲ್ಕು ದಿನ! ಅವಳ ಕೋಣೆಯಿಂದ ಹಳೇ ಪೇಪರೆಲ್ಲ ತೆಗೆಸಿದ್ದೇನೆ, ಫ್ಯಾನು ರಿಪೇರಿ ಮಾಡಿಸಿದ್ದೇನೆ.

ಆದ್ದರಿಂದ ನನ್ನ ಕೋರಿಕೆ ಸರಳವಾದದ್ದು. ಅವಳು ಇನ್ನೂ ಮೊದಲ ಅಧ್ಯಾಯಗಳಲ್ಲಿದ್ದಾಳೆ. ನಿಷೇಧ, ಹೋಲಿಕೆಗಳಿಗೆ ಬರುವ ಮುಂಚೆ ಆ ಏಳನ್ನೂ ಕಿತ್ತುಹಾಕಿ. ಸತ್ತವಳು ಸಿಟ್ಟಿನಲ್ಲಿ ಆಡಿದ್ದು, ಅವು ನಿಜವಲ್ಲ. ನೂರ ಹದಿನೆಂಟನ್ನು ಮಾತ್ರ ಹಾಗೆಯೇ ಬಿಡಿ. ಸಾಧ್ಯವಾದರೆ ದಪ್ಪಕ್ಷರದಲ್ಲಿ ಹಾಕಿಸಿ. ಒಬ್ಬ ಮನುಷ್ಯ ಒಂದು ಭಾಷೆಯಲ್ಲಾದರೂ ಒಳ್ಳೆಯವನಾಗಿ ಉಳಿಯಲಿ.

ಯುವರ್ಸ್ ಒಬೀಡಿಯೆಂಟ್ಲಿ ಎಂದು ಮೇಷ್ಟ್ರು ಕಲಿಸಿದ್ದಾರೆ. ಯಾರಿಗೂ ವಿಧೇಯನಾಗಿದ್ದವನಲ್ಲ ನಾನು, ಆದರೂ,

ತಮ್ಮ ವಿಧೇಯ,
ಪುಸ್ತಕದಲ್ಲಿರುವ 'ನನ್ನ ಗಂಡ'

ಮರೆತ ಮಾತು: ಸಹಿ ಹಾಕಿ ಫಾರಮ್ಮು ತುಂಬಲು ಕೂತೆ. ಎಡಗಡೆ ನಲವತ್ತೊಂದು ಎಂದು ಬರೆದೆ. ಬಲಗಡೆ ಸರಿಯಾದದ್ದು ಬರೆಯಬೇಕಲ್ಲ. ನಿನ್ನೆಯಿಂದ ಅಲ್ಲ, ಒಂಬತ್ತು ದಿನದಿಂದ ಮಾತು ಬಿಟ್ಟಿದ್ದೆ. ತೊಂಬತ್ತೇಳಕ್ಕೆ ಬಂದೆ. ತಟ್ಟೆ ಒಂದಲ್ಲ, ಎರಡು. ತಿದ್ದಲು ಹೋದಷ್ಟೂ ಹೆಚ್ಚಾಗುತ್ತಿದೆ, ಕಡಿಮೆಯಾಗುತ್ತಿಲ್ಲ. ಅವಳು ನನ್ನ ತಪ್ಪನ್ನು ಕಡಿಮೆಯೇ ತೂಗಿದ್ದಾಳೆ. ಏಳನ್ನೂ ಇರುವ ಹಾಗೆಯೇ ಇಡಿ.

ಸೀಸ ಇರುವುದು ಬೇರೆ ಕಡೆ. ಅವಳ ಭಾಷೆಯ ಒಂದಕ್ಷರವೂ ಬಾರದು ಎಂದು ಮೇಲೆ ಬರೆದಿದ್ದೇನೆ. 'ನೀರು' ಎಂಬುದಕ್ಕೆ ಅವರ ಶಬ್ದ ಬರುತ್ತಿತ್ತು. ಹದಿಮೂರು ವರ್ಷ ಸಂಸಾರ ಮಾಡಿದವನಿಗೆ ಅಷ್ಟೂ ಬಾರದೇ? ಅವತ್ತು ಗಡ್ಡ ಹೆರೆದುಕೊಳ್ಳುತ್ತಿದ್ದೆ. ಒಂದು ಸಲ ಕೇಳಿದರು. ಎರಡನೆಯ ಸಲ ಕೇಳಿದರು. ಎಂಟು ತಿಂಗಳಾಯ್ತು, ಒಂದು ಶಬ್ದ ಕಲಿಯೋಕೇನು ಧಾಡಿ, ನಮ್ಮ ಭಾಷೇಲಿ ಕೇಳಲಿ, ಆಮೇಲೆ ಕೊಡ್ತೀನಿ ಅಂದುಕೊಂಡೆ. ಮೂರನೆಯ ಸಲ ಅವರು ನಮ್ಮ ಭಾಷೆಯಲ್ಲೇ ಕೇಳಿದರು. 'ನೀರು ಕೊಡಪ್ಪ.' ಅಷ್ಟರಲ್ಲಿ ನಾನು ಚಪ್ಪಲಿ ಮೆಟ್ಟಿದ್ದೆ. ಬಾಗಿಲು ಎಳೆದುಕೊಂಡು ಹೋದೆ.

ಸಂಜೆ ಆಸ್ಪತ್ರೆಯಲ್ಲಿ ಇವಳು ಕೇಳಿದ್ದಕ್ಕೆ, ನೀರು ಕೇಳಿದರು, ಕೊಟ್ಟೆ ಎಂದೆ. ಕೊಟ್ಟಿದ್ದರೆ ಮತ್ತೆ ಯಾಕೆ ಎದ್ದಳು ಎಂದು ಅವಳು ಕೇಳಲಿಲ್ಲ. ಯಾವತ್ತೂ ಕೇಳಲಿಲ್ಲ. ನಂಬಿದ್ದಾಳೆ ಎಂದುಕೊಂಡಿದ್ದೆ. ಆದರೆ ನಂಬಿದವಳು ಒಂದು ಸಲ ಹೇಳಿ ಮುಂದಕ್ಕೆ ಹೋಗುತ್ತಾಳೆ, ಅಲ್ಲವೇ ಪ್ರೊಫೆಸರಮ್ಮ? ಮಷೀನು ನಿಲ್ಲಿಸಿ ಐದು ಸಲ ಹೇಳುವುದಿಲ್ಲ.

ನೂರ ಹದಿನೆಂಟರಿಂದ ನೂರ ಇಪ್ಪತ್ತೆರಡರವರೆಗೆ ಫಾರಮ್ಮಿನಲ್ಲಿ ಒಂದೇ ಗೀಟು ಎಳೆದಿದ್ದೇನೆ. ತಪ್ಪು ಅವಳದಲ್ಲ, ಅವಳಿಗೆ ಹಾಗೆ ಹೇಳಿದವನು ನಾನು. ಮಗಳು ಬಂದು ಹೋಗುವವರೆಗೆ ತಡೆಯಿರಿ ಎಂದು ಮೊದಲು ಬರೆದಿದ್ದೆ, ಅದನ್ನೂ ಹೊಡೆದುಹಾಕಿದೆ. ಅವಳಿಗೆ ಫೋನು ಮಾಡುವ ಧೈರ್ಯ ನನಗಿಲ್ಲ. ಇವತ್ತೇ ಕೊರಿಯರಿಗೆ ಹಾಕಿದರೆ ಈ ಕಾಗದ ನಾಳೆ ಬುಧವಾರ ನಿಮಗೆ ಸೇರುತ್ತದೆ, ಗುರುವಾರ ಅವಳು ತರಗತಿಗೆ ಬರುತ್ತಾಳೆ. ಮೊದಲನೆಯ ಪಾಠಕ್ಕೆ ಬೇರೆ ವಾಕ್ಯ ಬೇಕಾಗುತ್ತದಲ್ಲ, ಬಲಗಡೆ ಬರೆದಿದ್ದೇನೆ. ಶಬ್ದಗಳು ನಮ್ಮವು, ಕ್ರಮ ಅವಳಮ್ಮನದು:

ಕೊಡಲಿಲ್ಲ ನೀರು ಅತ್ತೆಗೆ ನಾನು.

ಕ್ರಮ ತಪ್ಪಿದ್ದರೆ ತಿದ್ದಿಕೊಳ್ಳಿ. ಸಂಗತಿ ಸರಿಯಿದೆ.