ಬಲಗಡೆಯ ಪದಕಗಳು

೨೪ ಜನವರಿ, ಶನಿವಾರ

ಅಪ್ಪನ ಪದಕಗಳು ಇವತ್ತು ಅಂಚೆಯಲ್ಲಿ ಬಂದವು. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾದ್ದರಿಂದ ತಡವಾಯಿತೆಂದು ದೂರುವವರಿಲ್ಲ.

ಎಪ್ಪತ್ತೊಂದರ ಯುದ್ಧದಲ್ಲಿ ಅವರು ಗಡಿಯಲ್ಲಿ ಸೈನಿಕರಿಗೆ ಅಡುಗೆ ಮಾಡಿದವರು. ಅದಕ್ಕೆ ಸಲ್ಲಬೇಕಾದ ಎರಡು ಪದಕ ದಾಖಲೆಯಲ್ಲಿ ಬಿಟ್ಟುಹೋಗಿದ್ದವು. "ನಮ್ಮಣ್ಣ ಯುದ್ಧ ಮಾಡಿದ್ದು ಬ್ಯಾಳಿ ಜೋಡಿ" ಎಂದು ಬಸು ಕಾಕಾ ಮದುವೆಮನೆಗಳಲ್ಲೆಲ್ಲ ನಗಿಸುತ್ತಿದ್ದರು. ಅವ್ವ ಮಾತ್ರ ನಗುತ್ತಿರಲಿಲ್ಲ. ದಾಖಲೆ ತಿದ್ದಿಸಲು ನನ್ನ ಬೆನ್ನು ಹತ್ತಿದ್ದೂ ಅವಳೇ.

ಸಂಜೆ ಕಾಕಾರನ್ನು ರಾಜಗೋಪಾಲನಗರದಿಂದ ಕರೆಸಿದಳು. ಅವರು ಪದಕಗಳನ್ನು ತಿರುಗಿಸಿ ತಿರುಗಿಸಿ ನೋಡಿ, "ವೈನಿ, ಒಮ್ಮೆ ನಾ ಹಾಕ್ಕೊಳ್ಳಲೇನ್ರಿ?" ಎಂದರು. ಉತ್ತರಕ್ಕೂ ಕಾಯದೆ ಅಂಗಿಯ ಎಡಗಡೆ ಚುಚ್ಚಿಕೊಂಡೇಬಿಟ್ಟರು.

ಅವ್ವ ಅವನ್ನು ಬಿಚ್ಚಿ ಬಲಗಡೆ ಚುಚ್ಚಿದಳು.

"ಮನಿಮಂದಿ ಬಲಕ್ಕ ಹಾಕ್ಕೋಬೇಕು, ಬಸು. ಎಡಗಡೆ ಯುದ್ಧಕ್ಕ ಹೋಗಿ ಬಂದೋರಿಗಷ್ಟ."

ಕಾಕಾ ಎದ್ದು ಸಿಪಾಯಿಯ ಹಾಗೆ ನೆಟ್ಟಗೆ ನಿಂತು, "ಹೌದ್ರಿ ವೈನಿ, ಅಣ್ಣ ಹೋಗಿ ಬಂದಾನ್ರಿ" ಎಂದರು. ಅವ್ವ ಎಷ್ಟು ನಕ್ಕಳೆಂದರೆ ಪಕ್ಕದ ಫ್ಲಾಟಿನವರು ಬಾಗಿಲು ತೆರೆದು ನೋಡಿದರು.

ಕಾಕನ ಎದೆಯಲಿ ಅಣ್ಣನ ಪದಕ,
ಅವ್ವನ ನಗೆಯೋ ಬೀದಿಯ ತನಕ.

ಮೂರನೆಯ ಸಾಲು ಬರೆಯಲು ನಿದ್ದೆ ಬಿಡುತ್ತಿಲ್ಲ.