ಬನದ ಕೊಂಬೆಯ ಮರಮಂಡಲ

ಕಾರ್ಕಳ
24-8-2025

ಮುದ್ದಿನ ಮಗಳು ದೀಕ್ಷಿತಾಳಿಗೆ,

ಕಾಪುವಿನಲ್ಲಿ ನೀನು, ಬ್ರ್ಯಾಂಡನ್, ಮಗು ಸೌಖ್ಯವೆಂದು ನಂಬಿದ್ದೇನೆ. ತಡವಾಯಿತು, ಬೇಸರಿಸಬೇಡ. ಫೋನ್ ಹಿಡಿದರೆ ನಿನ್ನ ದೊಡ್ಡಪ್ಪನ ಕಿವಿ ಇತ್ತ ತಿರುಗುತ್ತದೆ, ಅದಕ್ಕೇ ಕಾಗದ.

ಹೆದರಬೇಡ, ಅಪ್ಪ ಈಗ ಹುಷಾರಾಗಿದ್ದಾರೆ. ನಾಗರಪಂಚಮಿಯ ಮರುದಿನ ನಮ್ಮ ನಾಗಬನದಲ್ಲಿ ಅವರ ಕೈಗೆ ಹಾವು ಕಚ್ಚಿತು. ಬನದ ಒಂದು ಎಲೆಯನ್ನೂ ನಾವು ಕಡಿಯುವುದಿಲ್ಲವಲ್ಲ. ನಾಗನ ಕಲ್ಲಿನ ಮೇಲೆ ಬಾಗಿದ ಕೊಂಬೆಯನ್ನು ಅಪ್ಪ ಯಾವಾಗಲೂ ಕೈಯಿಂದ ಎತ್ತಿ ಹಿಡಿದೇ ದೀಪ ಇಡುವುದು. ಅಂದು ಅದರಲ್ಲಿ ಎಲೆಯದೇ ಬಣ್ಣದ ಹಾವು ಸುತ್ತಿಕೊಂಡಿತ್ತು.

ಕೈ ಭುಜದವರೆಗೆ ಊದಿತು. ನಿನ್ನ ತಮ್ಮ ಪ್ರಖ್ಯಾತ್ ತೆಗೆದ ಫೋಟೊ ನೋಡಿ ಮಣಿಪಾಲದ ಡಾಕ್ಟರಮ್ಮ, "ನಾಗರ ಅಲ್ಲ, ಮರಮಂಡಲ. ವಿಷ ಉಂಟು, ಜೀವ ಹೋಗುವುದು ಅಪರೂಪ. ಕೂತ ಕೊಂಬೆಯಲ್ಲೇ ದಿನಗಟ್ಟಲೆ ಕೂರುತ್ತದೆ. ಕಣ್ಣು ಮೂಗಿನ ನಡುವೆ ಗುಳಿ ಉಂಟು, ಅದರಲ್ಲಿ ಮೈಬಿಸಿ ತಿಳಿಯುತ್ತದೆ. ಬಿಸಿ ಕೈ ಹತ್ತಿರ ಬಂತು, ಕಚ್ಚಿತು" ಎಂದರು. ಅದಕ್ಕೆಂದೇ ಮಾಡಿದ ಔಷಧಿ ಇಲ್ಲವಂತೆ. ಊತ ಇಳಿಯುವುದನ್ನೇ ಕಾದೆವು.

ದೊಡ್ಡಪ್ಪ ಆಸ್ಪತ್ರೆಯಲ್ಲೇ ನನ್ನ ಕಡೆ ತಿರುಗಿ ಶುರು ಮಾಡಿದರು: "ಎಂತ ಮಂಡಲ ಮಾರಾಯ್ತಿ! ಇಗರ್ಜಿಯ ಕ್ರಿಶ್ಚಿಯನನ್ನು ಮದುವೆಯಾದವಳು ಪಂಚಮಿಯಂದು ಬನದ ಬಾಗಿಲಲ್ಲಿ ಬಂದು ನಿಂತಳಲ್ಲ, ಅದರ ಫಲ. ನಾಗದೋಷ ಕಳೆಯಲು ಆಶ್ಲೇಷಾ ಬಲಿಯ ಪೂಜೆ ಆಗಬೇಕು. ಅವಳು ಈ ಕಡೆ ಕಾಲಿಡಬಾರದು."

ಮಲಗಿದಲ್ಲಿಂದಲೇ ಅಪ್ಪ, "ಅಣ್ಣ, ಹಾವು ಒಂದು ಸಲ ಕಚ್ಚಿ ಬಿಟ್ಟಿತು. ನೀನು ಬಿಡುವ ಹಾಗೆ ಕಾಣುವುದಿಲ್ಲ ಅಲ್ವಾ?" ಎಂದರು. ನರ್ಸ್ ನಕ್ಕಳು.

ನನಗೆ ನಗು ಬರಲಿಲ್ಲ. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಬಟ್ಟೆ ಒಣಗಿಸಲು ಹೋದರೂ ಕೊಂಬೆ ಕೊಂಬೆ ನೋಡುತ್ತೇನೆ. ದೇವರ ಮುಂದೆ ಭಜನೆ ಅರ್ಧಕ್ಕೇ ತಪ್ಪುತ್ತದೆ. ನಾಗನ ಮೇಲಿನ ಭಕ್ತಿ ಚೂರೂ ಕಡಿಮೆಯಾಗಿಲ್ಲ. ನಿನ್ನೆ ಊಟಕ್ಕೆ ಬಡಿಸುವಾಗ ಹೇಳಿಯೇಬಿಟ್ಟೆ: "ಭಾವ, ಬಲಿ ಮಾಡುವ. ಆದರೆ ನನ್ನ ಮಗಳು ಬರುತ್ತಾಳೆ. ಅವಳ ಮೇಲಿನ ಸಿಟ್ಟಿಗೆ ಅಪ್ಪನನ್ನು ಕಚ್ಚುವವ ನಮ್ಮ ನಾಗ ಅಲ್ಲ." ದೊಡ್ಡಪ್ಪ ಬಾಳೆಲೆ ಮಡಚಿ ಎದ್ದುಹೋದರು. ನಾನು ಬಡಿಸುತ್ತಲೇ ಇದ್ದೆ.

ಮುಂದಿನ ತಿಂಗಳು ಆಶ್ಲೇಷಾ ನಕ್ಷತ್ರದ ದಿನ ಬಲಿ. ಮೂವರೂ ಬನ್ನಿ. ಬಾಗಿಲಲ್ಲಿ ನಾನೇ ನಿಂತಿರುತ್ತೇನೆ. ಆ ನಾಗನೂ ನಿಮ್ಮ ಇಗರ್ಜಿಯ ಮಾತೆಯೂ ನಿಮ್ಮನ್ನು ತಣ್ಣಗಿಡಲಿ.

ನಿನ್ನ ಅಮ್ಮ,
ಮೋಹಿನಿ

ತಾ.ಕ.: ಸಂಕಲ್ಪಕ್ಕೆ ಭಟ್ಟರು ಮನೆಯವರೆಲ್ಲರ ಹೆಸರು, ನಕ್ಷತ್ರ ಕೇಳುತ್ತಾರೆ. ಮಗು ಹುಟ್ಟಿದ ದಿನ, ಹೊತ್ತು ಬರೆದು ಕಳಿಸು. ಎರಡು ವರ್ಷದ ಮೊಮ್ಮಗಳು, ಪಂಚಮಿಯಂದು ಬಾಗಿಲಲ್ಲಿ ನಿಂತ ನಿನ್ನ ಹತ್ತಿರ ಅವಳ ವಿಷಯ ಕೇಳಲೂ ನನಗೆ ಧೈರ್ಯ ಬರಲಿಲ್ಲ. ಮೋಕ್ಷಾ ಎಂಬ ಹೆಸರನ್ನೂ ನಾನು ಬಸ್ಸಿನಲ್ಲಿ ಯಾರದೋ ಬಾಯಿಂದ ಕೇಳಿದ್ದು.